ಶಂಕರ್ ನಾಗ್ ತೀರಿಕೊಂಡಾಗ ವಯಸ್ಸು 36 ಅಲ್ಲ, 35

ಶಂಕರ್ ನಾಗ್, ಬ್ರಿಟನ್ನಿನ ರಾಜಕುಮಾರಿ ಡಯಾನಾ, ಹಾಲಿವುಡ್ ನಟಿ ಮರ್ಲಿನ್ ಮನ್ರೋ, ಗಾಯಕ ಬಾಬ್ ಮಾರ್ಲಿ ಎಲ್ಲರೂ 36ಕ್ಕೇ ಹೋದರು, ಆ ವಯಸ್ಸಿಗೇ ಗಂಡಾಂತರ ಇದೆ ಅಂತ ಒಂದು ಮೆಸೇಜ್ ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಕೊನೆಯ ಮೂವರ ವಯಸ್ಸು ಸರಿ. ಶಂಕರಣ್ಣನದು ತಪ್ಪು. ಅವರು ಹುಟ್ಟಿದ್ದು 1954ರ ನವೆಂಬರ್ 9, ದಾವಣಗೆರೆ ಹತ್ತಿರ ಕಾರು ಅಪಘಾತದಲ್ಲಿ ತೀರಿಕೊಂಡಿದ್ದು 1990ರ ಸೆಪ್ಟೆಂಬರ್ 30, ಅಂದರೆ 36 ತುಂಬೋಕೆ ಇನ್ನೂ ಒಂದು ತಿಂಗಳ ಮೇಲಿತ್ತು. ಯಾರೋ ಸುಮ್ನೆ ಇಸವಿಯಿಂದ ಇಸವಿ ಕಳೆದಿದ್ದಾರೆ. ನಮ್ಮೂರಿನ ಆಟೋಗಳ ಹಿಂದೆಲ್ಲ ಫೋಟೋ ಇರುವ ಮನುಷ್ಯನ ವಿಷಯದಲ್ಲೇ ಹೀಗಾದರೆ ಹೇಗೆ! ಇನ್ನು ಗಂಡಾಂತರ. ಡಯಾನಾ ಹೋಗಿದ್ದು ಪ್ಯಾರಿಸ್‌ನ ಕಾರು ಅಪಘಾತದಲ್ಲಿ, ಮಾರ್ಲಿ ಕ್ಯಾನ್ಸರ್‌ನಿಂದ. ಇದರಲ್ಲಿ 36ರ ತಪ್ಪೇನು? ಪುನೀತ್‌ಗೆ 46, ವಿಷ್ಣುವರ್ಧನ್‌ಗೆ 59 ಆಗಿತ್ತು, ಲೆಕ್ಕಕ್ಕೆ ಹೊಂದಲಿಲ್ಲ ಅಂತ ಅವರನ್ನು ಪಟ್ಟಿಗೇ ಸೇರಿಸಿಲ್ಲ, ಅಷ್ಟೇ.