ಸತ್ಯಾಂಶ: ‘ಕಿಯಾರಾ’ ಸಂಸ್ಕೃತದ ಹೆಸರೇ?

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದರೆ ವಾಟ್ಸಾಪ್‌ನಲ್ಲಿ ಹೆಸರಿನ ಪಟ್ಟಿಗಳು ಓಡಾಡುತ್ತವೆ. ಕಳಿಸುವವರದು ಒಳ್ಳೆಯ ಮನಸ್ಸೇ. ಆದರೆ ಅಂಥ ಪಟ್ಟಿಗಳಲ್ಲಿ ‘ಕಿಯಾರಾ’ ವೇದಕಾಲದ ಸಂಸ್ಕೃತ ಹೆಸರು ಎಂದಿರುವುದು ತಪ್ಪು. ಅದು ಇಟಲಿಯದು, ‘ತಿಳಿಯಾದ, ಬೆಳಗುವ’ ಎಂಬ ಅರ್ಥದ ಲ್ಯಾಟಿನ್ ‘ಕ್ಲಾರಾ’ದಿಂದ ಬಂದದ್ದು. 1253ರಲ್ಲಿ ತೀರಿಕೊಂಡ ಅಸಿಸಿಯ ಸಂತ ಕ್ಲಾರಾ ಅವರನ್ನು ಇಟಲಿಯವರು ಕರೆಯುವುದು ‘ಕಿಯಾರಾ’ ಎಂದೇ. ಅಲ್ಲಿ ಸಿ-ಎಚ್ ಎಂದು ಬರೆದರೂ ಉಚ್ಚಾರ ‘ಚಿ’ ಅಲ್ಲ, ‘ಕಿ’.

ನೀವೇ ನೋಡಬಹುದು. ಆಪ್ಟೆ, ಮೋನಿಯರ್ ವಿಲಿಯಮ್ಸ್ ಅವರ ಸಂಸ್ಕೃತ ಕೋಶಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಪಟ್ಟಿಯಲ್ಲಿ ಅರ್ಥವಷ್ಟೇ ಇದ್ದು ಧಾತುವಾಗಲಿ, ಗ್ರಂಥದ ಹೆಸರಾಗಲಿ ಇಲ್ಲದಿದ್ದರೆ ಕೋಶ ತೆರೆಯಿರಿ. ಅಚ್ಚಗನ್ನಡ ಎನ್ನುವ ಹೆಸರುಗಳಿಗೆ 1894ರ ಕಿಟೆಲ್ ಕೋಶವಿದೆ. ಅವರು ನಮ್ಮ ಧಾರವಾಡದಲ್ಲೂ ಇದ್ದು ಕೆಲಸ ಮಾಡಿದವರು.