ಮಾರ್ಚ್ ಬಂದರೆ ಮಾತ್ರ ಎಚ್ಚರ!

ಇವತ್ತು ಮಾರ್ಚ್ 30. ಕಾಸರಗೋಡಿನ ನಮ್ಮ ಹಳ್ಳಿ ಶಾಲೆಗೆ ಲಾರಿ ತುಂಬ ಬೆಂಚು ಬಂದು ಬಿತ್ತು. ಕೇಳಿದ್ದು ಜೂನ್‌ನಲ್ಲಿ! ಈಗ ಮಕ್ಕಳೆಲ್ಲ ಮಾವಿನ ಮರದಲ್ಲಿದ್ದಾರೆ, ಇದರ ಮೇಲೆ ನಾನೊಬ್ಬನೇ ಕೂರಬೇಕಾ?

ಹತ್ತು ತಿಂಗಳು ಫೈಲು ಮಲಗಿತ್ತು. ಒಮ್ಮೆ ಎಸ್ಟಿಮೇಟ್ ಸರಿಯಿಲ್ಲ, ಒಮ್ಮೆ ಟೆಂಡರಿಗೆ ಒಬ್ಬನೇ ಬಂದ, ಮತ್ತೆ ಕರೆಯಬೇಕು. ಆಮೇಲೆ ಮೂರು ಕೊಟೇಶನ್ ಬೇಕಂತೆ. ಬಂದದ್ದು ನೋಡಿದರೆ ಮೂರರಲ್ಲೂ ಒಂದೇ ಕೈಬರಹ, ಸ್ಪೆಲ್ಲಿಂಗ್ ತಪ್ಪೂ ಒಂದೇ! ನೋಟಿಸು ಮಲಯಾಳದಲ್ಲಿ, ಕನ್ನಡ ಮಾಷ್ಟ್ರಾದ ನಾನು ಅದನ್ನು ಓದಿಸಲಿಕ್ಕೆ ಪಕ್ಕದ ಅಂಗಡಿಗೆ ಓಡಬೇಕು.

ನಾಳೆ ಸರಕಾರದ ಹಣಕಾಸು ವರ್ಷ ಮುಗಿಯುತ್ತದೆ, ದಾಟಿದರೆ ದುಡ್ಡು ಹೋಗುತ್ತದೆ ಅಂತ ಆಫೀಸಿನಿಂದ ರಾತ್ರಿ 8ಕ್ಕೂ ಫೋನು. "ಮಾಷ್ಟ್ರೇ, ಬೇಗ ಸಹಿ ಹಾಕಿ, ಟ್ರೆಶರಿಯಲ್ಲಿ ಕ್ಯೂ ಉಂಟು." ಬೆಂಚಿನ ಕಾಲು ಅಲ್ಲಾಡುತ್ತದೆ ಅಂದೆ. "ಅದು ಆಮೇಲೆ ನೋಡುವ" ಅಂದರು. ಪ್ರತಿ ವರ್ಷ ಮಾರ್ಚ್ ಬರುತ್ತೆ ಅಂತ ಇವರ ಕ್ಯಾಲೆಂಡರ್‌ನಲ್ಲಿ ಇಲ್ವಾ? ಸಹಿ ಹಾಕಿದೆ. ಅಂಗಿಯ ಹಿಂದೆ ಒಣಗದ ಪಾಲಿಶ್ ಅಂಟಿದೆ.