ಪದರ ಎಳೆಯಬೇಡಿ, ಡೇಟಮ್ ಸರಿಮಾಡಿ
ಹಳೆಯ ಟೋಪೋಶೀಟ್ (ಸರ್ವೆ ನಕ್ಷೆಯ ಹಾಳೆ) ಕಂಪ್ಯೂಟರಿನಲ್ಲಿ ಉಪಗ್ರಹ ಚಿತ್ರದ ಮೇಲೆ ಸರಿಯಾಗಿ ಕೂರದಿದ್ದರೆ ಆ ನಕ್ಷೆಯ ಪದರವನ್ನೇ ಎಳೆದು ಕೂರಿಸಿ ಎಂದು ಬರೆದಿದ್ದೀರಿ ಸರ್. ದಯವಿಟ್ಟು ಈ ಸಲಹೆ ತೆಗೆಯಿರಿ, ಕಲಿಯುವ ಹುಡುಗರು ಇದನ್ನೇ ನಂಬುತ್ತಾರೆ. ತಪ್ಪು ಇರುವುದು ಡೇಟಮ್‌ನಲ್ಲಿ, ಅಂದರೆ ಅಕ್ಷಾಂಶ-ರೇಖಾಂಶ ಅಳೆಯಲು ಆಧಾರವಾಗಿ ಹಿಡಿದ ಭೂಮಿಯ ಮಾದರಿಯಲ್ಲಿ. ಆ ಹಾಳೆಗಳು ಎವರೆಸ್ಟ್ ಎಲಿಪ್ಸಾಯ್ಡ್ ಎಂಬ ಹಳೆಯ ಮಾದರಿಯ ಮೇಲಿನವು, ಜಿಪಿಎಸ್ ಕೊಡುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಡೇಟಮ್‌ನಲ್ಲಿ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಹಾಳೆಯ ಅಕ್ಷಾಂಶ-ರೇಖಾಂಶದ ಮೂಲೆಗಳನ್ನು ಹಿಡಿದು ಜೋಡಿಸುವಾಗಲೇ ಅದರ ಡೇಟಮ್ ಕಲ್ಯಾಣ್‌ಪುರ 1975, ಅಂದರೆ ಇಪಿಎಸ್‌ಜಿ ಸಂಕೇತ ಸಂಖ್ಯೆ 4146 ಕೊಡಬೇಕು. ಪ್ರಾಜೆಕ್ಟ್ 32643ರಲ್ಲಿರಲಿ, ಅದು ಡಬ್ಲ್ಯುಜಿಎಸ್ 84ರ ಯುಟಿಎಂ (ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹಂಚುವ ನಕ್ಷೆ ಪದ್ಧತಿ) 43ನೇ ಉತ್ತರ ವಲಯದ ಸಂಕೇತ. ಬೀದರ್, ಕಲಬುರಗಿ, ಯಾದಗಿರಿ ಮೂರೂ ಊರು 43ನೇ ವಲಯದವೇ. ಹೈದರಾಬಾದಿನ 44 ಇಲ್ಲಿಗೆ ಹೊಂದದು. ಪ್ರಾಜೆಕ್ಟ್ ಪ್ರಾಪರ್ಟೀಸ್‌ನ ಟ್ರಾನ್ಸ್‌ಫರ್ಮೇಶನ್ಸ್‌ನಲ್ಲಿ X, Y, Z ದಿಕ್ಕುಗಳಲ್ಲಿ 295, 736, 257 ಮೀಟರ್ ಪಲ್ಲಟ ಇರುವುದನ್ನು ಆರಿಸಿ, ಬೀದರ್ ಕೋಟೆಯ ಕಂದಕದ ತಿರುವುಗಳ ಮೇಲೆ ತಾಳೆ ನೋಡಿ. ಇಷ್ಟಾದರೂ ನಿಖರತೆ 20 ಮೀಟರ್ ಆಸುಪಾಸಿನದು. ಹೊಲದ ಬಾಂದುಕಲ್ಲಿನ ತಗಾದೆಗೆ ಇದನ್ನು ಯಾರೂ ಆಧಾರವಾಗಿ ಹಿಡಿಯಬಾರದು.